ಲೋಳೆ ಬಿಡುತ್ತಿದ್ದ ಆಳಸಮುದ್ರದ ಹವಳ: ತಪ್ಪು ಟ್ಯಾಂಕಿನದಲ್ಲ, ಮುಚ್ಚಳದ್ದು

ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು 500 ಮೀಟರ್ ಆಳದಿಂದ ಆರ್‌ಒವಿ (ಹಡಗಿನಿಂದಲೇ ನಡೆಸುವ ಮಾನವರಹಿತ ನೀರೊಳಗಿನ ಯಂತ್ರ) ತಂದ ಲೋಫೀಲಿಯಾ ಎಂಬ ತಣ್ಣೀರಿನ ಹವಳ ಡೆಕ್ಕಿಗೆ ಬರುವಷ್ಟರಲ್ಲಿ ದಪ್ಪ ಲೋಳೆ ಬಿಡುತ್ತಿತ್ತು. ಒಳಸರಿದ ಪಾಲಿಪ್‌ಗಳು (ಹವಳದ ಹೂವಿನಂಥ ಪುಟ್ಟ ಜೀವಿಗಳು) ಮತ್ತೆ ಅರಳುತ್ತಿರಲಿಲ್ಲ. ಮೂರನೇ ದಿನಕ್ಕೆ ಅಂಗಾಂಶ ಕಳಚಿ ಬರೀ ಬಿಳಿ ಅಸ್ಥಿ.

ಟ್ಯಾಂಕಿನ ಚಿಲ್ಲರ್ (ನೀರು ತಣಿಸುವ ಯಂತ್ರ) 8 ಡಿಗ್ರಿಗೆ ಇಳಿಸಿದ್ದಾಯಿತು, ಏರ್ ಪಂಪ್ ಹೆಚ್ಚಿಸಿದ್ದಾಯಿತು, ದಿನಾ ಅರ್ಧ ನೀರು ಬದಲಿಸಿದ್ದೂ ಆಯಿತು. ಐಸ್ ಸುರಿದದ್ದಂತೂ ಶುದ್ಧ ತಪ್ಪು: ಅದು ಕರಗಿ ಸಿಹಿನೀರು ಬೆರೆತು ಲವಣಾಂಶವೇ ಕುಸಿಯಿತು.

ಕೊನೆಗೆ ಬಯೋಬಾಕ್ಸಿನೊಳಗೆ (ಆರ್‌ಒವಿ ಹವಳ ಇಟ್ಟು ತರುವ ಮುಚ್ಚಳದ ಪೆಟ್ಟಿಗೆ) ತಾಪಮಾನ ದಾಖಲಿಸುವ ಲಾಗರ್ ಕಟ್ಟಿ, 10 ಸೆಕೆಂಡಿಗೊಂದು ರೀಡಿಂಗ್ ಇಟ್ಟು ಇಳಿಸಿದೆವು. ಏರುವಾಗ ಮೇಲಿನ 100 ಮೀಟರಿನಲ್ಲಿ ಗ್ರಾಫ್ 9ರಿಂದ 24 ಡಿಗ್ರಿಗೆ ಜಿಗಿದಿತ್ತು. ಮುಚ್ಚಳವನ್ನು ಬಿಗಿಮಾಡುವ ಪಟ್ಟಿಯಾದ ಗ್ಯಾಸ್ಕೆಟ್‌ನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಹವಳದ ಚೂರು ಸಿಕ್ಕಿ, ಬೇಸಿಗೆಯ ಬಿಸಿ ಮೇಲ್ನೀರು ಒಳನುಗ್ಗುತ್ತಿತ್ತು.

ಈಗಿನ ಕ್ರಮ: ಪ್ರತಿ ಡೈವ್‌ಗೂ ಮುಂಚೆ ಗ್ಯಾಸ್ಕೆಟ್ ಒರೆಸಿ, ಸುತ್ತಲೂ ಬೆರಳಾಡಿಸಿ ನೋಡುವುದು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ತಳ ಮುಟ್ಟಿದ ಮೇಲೆ ಮುಚ್ಚಳ ತೆರೆದಿಟ್ಟು, ಒಳಗಿನ ನೀರು ಪೂರ್ತಿ ತಣ್ಣಗಾದ ನಂತರವೇ ಹವಳ ಇಡಬೇಕು. ತುಂಡಿನ ತುದಿ ಅಂಚಿಗಿಂತ ಎರಡು ಇಂಚು ಕೆಳಗಿರಲಿ. ಮುಚ್ಚಳ ಕೂತದ್ದನ್ನು ಕ್ಯಾಮೆರಾದಲ್ಲಿ ನಾಲ್ಕೂ ಮೂಲೆ ನೋಡಿಯೇ ಏರುವುದು. ಡೆಕ್ಕಿನಲ್ಲಿ 8 ಡಿಗ್ರಿಯ, ಸಾವಿರಕ್ಕೆ 35 ಲವಣಾಂಶದ ನೀರಿನ ಬಕೆಟ್ ಮೊದಲೇ ಸಿದ್ಧವಿರಬೇಕು. ಐಸ್ ಬೇಕೇಬೇಕೆಂದರೆ ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಮಾತ್ರ.