ಡ್ರೈನೇಜ್ ಪೈಪಿನಿಂದ ಕನ್ನಡಿ ಚೌಕಟ್ಟು: ನನ್ನ ಅನುಭವ

"ರೀ, ಹಾಲ್‌ನಲ್ಲಿ ಡ್ರೈನೇಜ್ ಪೈಪ್ ನೇತು ಹಾಕ್ತೀರಾ?" ಪೈಪಿನ ತುಂಡುಗಳಿಂದ ಕನ್ನಡಿಗೆ ಹೂವಿನ ಚೌಕಟ್ಟು ಮಾಡ್ತೀನಿ ಅಂದಾಗ ಹೆಂಡತಿ ಕೇಳಿದ್ದು ಇಷ್ಟೇ. ಭಾವಮೈದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದಕ್ಕೊಂದು ನಲ್ಲಿಯನ್ನೂ ಹಾಕಿಬಿಡಿ ಅಂದ. ಈಗ ಆ ಕನ್ನಡಿ ಹಾಲ್‌ನಲ್ಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಸರಳ. 63 ಮಿ.ಮೀ. ಪಿವಿಸಿ ಪೈಪು, 20 ಮಿ.ಮೀ. ಅಗಲದ ಬಳೆಯಂಥ ತುಂಡುಗಳು, ಒಂದೊಂದು ತುಂಡೂ ಒಂದು ದಳ. ಆರು ದಳಕ್ಕೆ ಒಂದು ಹೂವು, ಸುಮಾರು 60 ಸೆಂ.ಮೀ. ಅಗಲದ ದುಂಡು ಕನ್ನಡಿಯ ಸುತ್ತ 14 ಹೂವು, ಹಿಂದೆ ತೆಳು ಪ್ಲೈವುಡ್. ಒಟ್ಟು 84 ತುಂಡು. ಗರಗಸಕ್ಕೆ ಪುಡಿಯಾಗಿ ಹೋಗುವುದನ್ನು ಸೇರಿಸಿದರೂ ಪೈಪು 2 ಮೀಟರ್ ದಾಟುವುದಿಲ್ಲ. ಮೈಟರ್ ಬಾಕ್ಸ್‌ಗೆ (ಗರಗಸ ನೇರ ಹೋಗಲು ಸೀಳು ಇರುವ ಪೆಟ್ಟಿಗೆ) ಒಂದು ಮರದ ತಡೆ ಹೊಡೆದುಕೊಂಡರೆ ಅಳತೆ ತಪ್ಪಲ್ಲ.

ನಾನು ಎಡವಿದ್ದು ಅಂಟಿನಲ್ಲಿ. ಮೊದಲ ಸಲ ಪೈಪ್ ಸೊಲ್ಯೂಷನ್ ಹಚ್ಚಿದೆ. ಪೈಪಿಗೆ ಪೈಪಿನದೇ ಗಮ್, ಇನ್ನೇನು ಬೇಕು ಅಲ್ವಾ? ಮರುದಿನ ಎತ್ತಿದರೆ ಹೂವೆಲ್ಲ ದಳ ದಳವಾಗಿ ಕೈಗೆ ಬಂತು. ಬೈದದ್ದು ಗಮ್‌ಗೆ, ತಪ್ಪು ನನ್ನದು. ಆ ಗಮ್ ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಅದಕ್ಕೆ ಮೈಗೆ ಮೈ ಒತ್ತಿಕೊಂಡಿರಬೇಕು, ಸಂದು ತುಂಬುವ ಕೆಲಸ ಅದರದಲ್ಲ. ದುಂಡಕ್ಕೆ ದುಂಡು ಇಟ್ಟರೆ ತಾಗುವುದು ಒಂದು ಗೆರೆಯಷ್ಟೇ. ಸೂಪರ್ ಗ್ಲೂ ಹಾಕಿದೆ, ಸುತ್ತ ಬಿಳಿ ಮಂಜು ಕೂತಿತು, ತಟ್ಟಿದರೆ ಟಕ್ ಅಂತ ಬಿಟ್ಟಿತು. ಕೊನೆಗೆ ತಾಗುವ ಕಡೆ ಅರದಿಂದ ಒಂದು 8 ಮಿ.ಮೀ. ಅಗಲ ಚಪ್ಪಟೆ ಮಾಡಿ, ಅದೇ ಹಳೇ ಗಮ್ ಹಚ್ಚಿ, ಬಟ್ಟೆ ಕ್ಲಿಪ್ ಹಾಕಿ ರಾತ್ರಿ ಬಿಟ್ಟೆ. ಈಗ ಎಳೆದರೂ ಬರಲ್ಲ.

ದಳದ ಆಕಾರಕ್ಕೆ ಎಲ್ಲರೂ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಅಂತಾರೆ. ನಾನೂ ತಂದೆ, ಸುಮ್ನೆ ದುಡ್ಡು ದಂಡ. ಒಂದು ಕಡೆ ಮೆತ್ತಗಾಗುವಷ್ಟರಲ್ಲಿ ಇನ್ನೊಂದು ಕಡೆ ಕಂದು ಬಣ್ಣ, ಮೂಗು ಉರಿಯುವ ಹೊಗೆ. ಪಿವಿಸಿ ಸುಟ್ಟ ಹೊಗೆ ಆಸಿಡ್ ಹೊಗೆ, ಕುಡಿಯಬೇಡಿ. ಈ ಪೈಪು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಕುದಿಯುವ ನೀರೇ ಸಾಕು. ಒಂದೆರಡು ನಿಮಿಷ ಮುಳುಗಿಸಿ, ಇಕ್ಕಳದಲ್ಲಿ ಎತ್ತಿ, ಮರದ ಅಚ್ಚಿನಲ್ಲಿ ಒತ್ತಿ, ತಣ್ಣೀರಿಗೆ ಹಾಕಿ. ಎಲ್ಲ ದಳವೂ ಅವಳಿ ಮಕ್ಕಳಂತೆ ಬರುತ್ತವೆ.

ಆದರೆ ಈ ಪೈಪಿಗೆ ನೆನಪು ಜಾಸ್ತಿ. ಕಡು ಬಣ್ಣ ಹೊಡೆದ ನಾಲ್ಕು ಹೂವನ್ನು ಒಣಗಲಿ ಅಂತ ಬಿಸಿಲಲ್ಲಿ ತಗಡಿನ ಮೇಲೆ ಇಟ್ಟಿದ್ದೆ. ಮಧ್ಯಾಹ್ನ ನೋಡಿದರೆ ದಳಗಳು ಉಬ್ಬಿ, ಮತ್ತೆ ಪೈಪಾಗುವ ದಾರಿ ಹಿಡಿದಿದ್ದವು! ಅಂದಿನಿಂದ ನೆರಳಲ್ಲೇ ಒಣಗಿಸುತ್ತೇನೆ.

ದುಡ್ಡು ಹೋಗಿದ್ದು ಬಣ್ಣಕ್ಕೆ. ಪೈಪಿನ ಮೂರು ಪಟ್ಟಾದರೂ ಆಗಿರಬೇಕು. ನೇರ ಸ್ಪ್ರೇ ಹೊಡೆದ ಮೊದಲ ಎರಡು ಡಬ್ಬಿ ಉಗುರು ತಾಗಿದರೆ ಸಿಪ್ಪೆಯಂತೆ ಎದ್ದುಬಂತು. 220 ನಂಬರಿನ ಎಮರಿ ಪೇಪರಿನಲ್ಲಿ (ಉಜ್ಜುಕಾಗದ) ಹೊಳಪು ಹೋಗುವವರೆಗೆ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದ ಮೇಲೆ ಕೂತಿತು. ಕೊಯ್ದ ಅಂಚನ್ನು ಮರೆಯಬೇಡಿ. ಇದು ಪೈಪು ಅಂತ ಮೊದಲು ಚಾಡಿ ಹೇಳುವುದು ಆ ಅಂಚೇ. ಮೇಲಿನ ಹಳೇ ಹಿತ್ತಾಳೆ ಬಣ್ಣಕ್ಕೆ ಕಪ್ಪಿನ ಜೊತೆ ಏನು ಬೆರೆಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಹೂವಿನ ನಡುವೆ ತುಕ್ಕು ಹಿಡಿದ ನಟ್ ಕೂರಿಸೋಣ ಅನಿಸಿತು. ಹೊಸ ನಟ್‌ಗೆ ಸತುವಿನ ಲೇಪ ಇರುತ್ತದೆ, ಬೇಗ ತುಕ್ಕು ಬರಲ್ಲ. ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿಟ್ಟೆ. ಸತು ಕರಗುವಾಗ ಗ್ಯಾಸ್ ಬರುತ್ತದೆ ಅನ್ನುವುದು ಬೆಳಗ್ಗೆ ಮುಚ್ಚಳ ಹಾರಿದಾಗ ನೆನಪಾಯಿತು. ಆಮೇಲೆ ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ನೋಡನೋಡುತ್ತಲೇ ಕಿತ್ತಳೆ ತುಕ್ಕು. ಚಂದ ಬಂತು, ಆದರೆ 14ರಲ್ಲಿ 3 ಹೂವಿಗೆ ಮಾತ್ರ ಹಾಕಿದೆ. ಎಲ್ಲಕ್ಕೂ ಹಾಕಿದರೆ ಗ್ಯಾರೇಜ್ ಥರ ಕಾಣುತ್ತಿತ್ತು.

ಹಾಳು ಮಾಡಿದ ಡಬ್ಬಿ, ಮೂಲೆ ಸೇರಿದ ಹೀಟ್ ಗನ್ ಎಲ್ಲ ಸೇರಿಸಿದರೂ ಅಂಗಡಿಯ ಅಂಥದೇ ಕನ್ನಡಿಯ ಅರ್ಧ ಬೆಲೆ. ಎರಡನೆಯದು ಕಾಲು ಭಾಗದಲ್ಲಿ ಮುಗಿಯಿತು. ಅದು ಹೆಂಡತಿಯೇ ಕೇಳಿ ಮಾಡಿಸಿಕೊಂಡದ್ದು.

ಭಾವಮೈದ ಬಂದಾಗ ಎರಕದ ಹಿತ್ತಾಳೆ ಅಂದುಕೊಂಡ. ಬೆರಳಲ್ಲಿ ತಟ್ಟಿದ, ಅನುಮಾನ ಬಂತು. ಕೆಳಗಿಳಿಸಿ ದಳಗಳ ಸಂದಿನಲ್ಲಿ ಇಣುಕಿದ. ಒಂದು ಕಡೆ ನನ್ನ ಎಮರಿ ತಾಗದೆ, ಬಣ್ಣದ ಅಡಿಯಲ್ಲಿ 63 ಅಂತ ಮಸುಕಾಗಿ ಕಾಣುತ್ತಿತ್ತು.