ಗೊರಕೆಗೆ ಶಂಖ: ನನ್ನ ಅನುಭವ

ಬಾಗಲಕೋಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಒಂದು ಮಧ್ಯಾಹ್ನ ಗುಳೇದಗುಡ್ಡದ ಖಣ ಅಳೆಯುತ್ತಾ ನಿಂತಲ್ಲೇ ತೂಕಡಿಸಿಬಿಟ್ಟೆ. ಎದುರಿಗಿದ್ದ ಅಜ್ಜಿ, "ತಮ್ಮಾ, ಮೊದ್ಲ ಆ ಕತ್ರಿ ಕೆಳಗಿಡು" ಅಂದಳು. ರಾತ್ರಿ ಎಂಟು ತಾಸು ಮಲಗುವವನಿಗೆ ಇದೆಂಥ ನಿದ್ದೆ? ಮನೆಯಲ್ಲಿ ಹೇಳಿದೆ. "ಗೊರಕಿ ಹೊಡೀತೀರಿ, ಅದಿರ್ಲಿ. ನಡುವ ಗಪ್ ಆಗ್ತೀರಲ್ರೀ, ನಿನ್ನೆ ಇಪ್ಪತ್ತರ ತನಕ ಎಣಿಸೀನಿ, ಉಸುರ ಇಲ್ಲ" ಅಂದಳು ಹೆಂಡತಿ.

ಬೆಳಗಾವಿಗೆ ಹೋಗಿ ಒಂದು ರಾತ್ರಿ ಮೈತುಂಬ ವೈರ್ ಅಂಟಿಸಿಕೊಂಡು ಸ್ಲೀಪ್ ಸ್ಟಡಿ ಮಾಡಿಸಿದೆ. ಗಂಟೆಗೆ 22 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕಡಿಮೆಯಾಗುತ್ತಿತ್ತು. ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ. ಗಂಟೆಗೆ 15ರಿಂದ 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಡಾಕ್ಟರು ಸಿಪ್ಯಾಪ್ ಮಷಿನ್ ಬರೆದುಕೊಟ್ಟರು, ಅಂದರೆ ರಾತ್ರಿಯಿಡೀ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲ ದಾರಿ ತೆರೆದಿಡುವ ಯಂತ್ರ.

ನನಗೋ ಮಾಸ್ಕ್ ಅಂದರೆ ಬೇಸರ. ಎರಡು ತಿಂಗಳು ಮಷಿನ್ ಮೂಲೆಗಿಟ್ಟು ಅನುಲೋಮ ವಿಲೋಮ ಮಾಡಿದೆ. ಮನಸ್ಸಿಗೆ ಹಿತವಾಯಿತು, ಗೊರಕೆ ಹಾಗೇ ಇತ್ತು. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ಎಳನೀರಿನಲ್ಲಿ ನೆನೆದ ಕಾಗದದ ಸ್ಟ್ರಾ ಜೋರಾಗಿ ಎಳೆದಷ್ಟೂ ಅಂಟಿಕೊಳ್ಳುತ್ತದೆ ಅಲ್ವಾ? ನಿದ್ದೆಯಲ್ಲಿ ನಮ್ಮ ಗಂಟಲೂ ಹಾಗೇ. ಎದೆ ಎಳೆಯುತ್ತಲೇ ಇರುತ್ತದೆ, ದಾರಿ ಮುಚ್ಚಿರುತ್ತದೆ. ಅಂದರೆ ದುಡಿಸಬೇಕಾದ್ದು ಶ್ವಾಸಕೋಶವನ್ನಲ್ಲ, ಗಂಟಲನ್ನು.

ಜೈಪುರದ ವೈದ್ಯರು ಇದನ್ನೇ ರೋಗಿಗಳಿಂದ ಶಂಖ ಊದಿಸಿ ನೋಡಿದ್ದಾರೆ. ಅವರ ವರದಿ 2025ರಲ್ಲಿ ಬಂತು. 30 ಜನರಲ್ಲಿ 16 ಮಂದಿ ಆರು ತಿಂಗಳು ಶಂಖ ಊದಿದರು, ಉಳಿದವರು ಸುಮ್ನೆ ದೀರ್ಘ ಉಸಿರಾಟ ಮಾಡಿದರು. ಶಂಖದವರಿಗೆ ಹಗಲಿನ ತೂಕಡಿಕೆ 34 ಶೇಕಡಾ ಕಡಿಮೆಯಾಯಿತು, ಗಂಟೆಗೆ ನಾಲ್ಕೈದು ಸಲದಷ್ಟು ತಡೆಯೂ ತಗ್ಗಿತು. ಸಣ್ಣ ಪ್ರಯೋಗ, ನಿಜ. ಆದರೂ ಬರೀ ಉಸಿರಾಟ ಸಾಲದೆಂಬ ನನ್ನ ಅನುಲೋಮ ವಿಲೋಮದ ಕಥೆ ಅಲ್ಲೇ ಕಂಡಿತು.

ಪೂಜೆಗಿಡುವ ಶಂಖ ಆಗುವುದಿಲ್ಲ, ತುದಿ ಕೊರೆದ ಊದುವ ಶಂಖವೇ ಬೇಕು. ಮೊದಲ ವಾರ ಬರೀ ಫುಸ್ ಫುಸ್. ಕೆನ್ನೆ ಉಬ್ಬಿಸಿದರೆ ನನಗೆ ದನಿ ಬರಲಿಲ್ಲ. ಮೂಗಿನಿಂದ ಆಳವಾಗಿ ಎಳೆದುಕೊಂಡು, ತುಟಿ ಬಿಗಿ ಹಿಡಿದು ಊದಿದಾಗ ಗಂಟಲ ಹಿಂಭಾಗ ನಡುಗುವುದು ಗೊತ್ತಾಗುತ್ತದೆ. ಅಲ್ಲೇ ಕೆಲಸ ನಡೆಯುವುದು. ಒಮ್ಮೆಲೇ ಹತ್ತು ಸಲ ಊದಿ ತಲೆ ಸುತ್ತಿ ಕಟ್ಟೆ ಮೇಲೆ ಕೂತಿದ್ದೂ ಉಂಟು. ಈಗ ನಡುನಡುವೆ ನಿಂತು, ಬೆಳಗ್ಗೆ ಒಟ್ಟು ಹದಿನೈದು ನಿಮಿಷ, ವಾರಕ್ಕೆ ಐದು ದಿನ. ಪಕ್ಕದ ಮನೆಯವರು, "ನಿಮ್ಮ ಮನ್ಯಾಗ ದಿನಾ ಏನ್ ಪೂಜಾ ರೀ?" ಅಂತ ಕೇಳಿದ್ದರು. ಸಂಜೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವ ವ್ಯಾಯಾಮ. ಬ್ರೆಜಿಲ್‌ನವರು 2009ರಲ್ಲಿ ಪ್ರಯೋಗ ಮಾಡಿ ತೋರಿಸಿದ ವ್ಯಾಯಾಮಗಳಲ್ಲಿ ಇದೂ ಒಂದು.

ಕಣ್ಣಿನ ಒತ್ತಡ, ಹರ್ನಿಯಾ ಇದ್ದವರು ಡಾಕ್ಟರನ್ನು ಕೇಳದೆ ಊದಬೇಡಿ.

ಆರು ತಿಂಗಳ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಆಯಿತು: 17. ತೂಕವೂ ಮೂರು ಕಿಲೋ ಇಳಿದಿತ್ತು, ಪೂರಾ ಶಂಖದ ಪುಣ್ಯ ಅನ್ನಲಾರೆ. 17 ಅಂದರೂ ಮಧ್ಯಮವೇ, ಹಾಗಾಗಿ ಮಾಸ್ಕ್ ರಾತ್ರಿ ಮುಖದ ಮೇಲೇ ಇರುತ್ತದೆ. ಕರೆಂಟ್ ಹೋಗಿ ಮಷಿನ್ ನಿಂತ ರಾತ್ರಿ ಹೆಂಡತಿ ಎದ್ದು ಕೂತು ಎಣಿಸುತ್ತಾಳೆ. ಈಚೆಗೆ ಹನ್ನೆರಡು ದಾಟಿಲ್ಲವಂತೆ.