ಹೊಸ ಎಲೆಕ್ಟ್ರಿಕ್ ಗಾಡಿ ನಿಂತಾಗೆಲ್ಲ ಬ್ಯಾಟರಿಯನ್ನೇ ಬೈದೆ

ಕೈವಾರದ ಕಡೆ ಒಂದು ತೋಟದಲ್ಲಿ ಬೋರ್‌ವೆಲ್ ಮೋಟಾರ್ ಇಳಿಸಿ ಚಿಂತಾಮಣಿಗೆ ವಾಪಸ್ ಬರುತ್ತಿದ್ದೆ. ಎಲೆಕ್ಟ್ರಿಕ್ ಸ್ಕೂಟರ್ ಮನೆಗೆ ಬಂದು ಅವತ್ತಿಗೆ ಆರನೇ ದಿನ. ದಾರಿಯಲ್ಲಿ ಟೀ ಅಂಗಡಿ ಕಂಡಿತು, ನಿಲ್ಲಿಸಿದೆ. ಟೀ ಮುಗಿಸಿ ಬಂದು ಕೀ ತಿರುಗಿಸಿದರೆ ಡಿಸ್‌ಪ್ಲೇ ಬಂತು, ಚಾರ್ಜ್ 61% ಅಂತ ತೋರಿಸಿತು, ಹೆಡ್‌ಲೈಟೂ ಹತ್ತಿತು. ಆಕ್ಸಿಲರೇಟರ್ ತಿರುವಿದರೆ ಮಾತ್ರ ಗಾಡಿ ಮಿಸುಕಾಡಲಿಲ್ಲ.

"ಏನ್ ಸಾಮಿ, ಮೋಟಾರ್ ರಿಪೇರಿ ಮಾಡೋರ ಗಾಡೀನೇ ನಿಂತೋಯ್ತಾ?" ಅಂತ ಟೀ ಅಂಗಡಿಯವರು ನಕ್ಕರು.

ನಾನು ಇಪ್ಪತ್ತೆರಡು ವರ್ಷದಿಂದ ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ) ಅಂಗಡಿ ನಡೆಸುತ್ತಿದ್ದೇನೆ. ನಮ್ಮ ಕಡೆ ಬೋರ್‌ವೆಲ್ 1,200 ಅಡಿ, 1,500 ಅಡಿ ಹೋಗಿರುತ್ತದೆ. ಅಷ್ಟು ಆಳದಿಂದ ಮೋಟಾರ್ ಮೇಲೆತ್ತುವುದು ಹುಡುಗಾಟ ಅಲ್ಲ. ಪೈಪ್ ಬಿಚ್ಚಬೇಕು, ಲಾರಿ ಬರಬೇಕು, ಆಳು ಬರಬೇಕು. ಅದಕ್ಕೇ ನಮ್ಮ ಕಸುಬಿನಲ್ಲಿ ಮೊದಲ ಪಾಠ: ಮೋಟಾರ್ ಎತ್ತುವ ಮೊದಲು ಮೇಲಿರುವುದನ್ನೆಲ್ಲ ನೋಡು. ಫ್ಯೂಸ್, ಸ್ಟಾರ್ಟರ್, ಕೇಬಲ್ ಜಾಯಿಂಟ್. ನನ್ನ ಅಂಗಡಿ ಹುಡುಗನಿಗೆ ಇದನ್ನು ದಿನಾ ಹೇಳುತ್ತೇನೆ. ನನ್ನದೇ ಗಾಡಿ ನಿಂತಾಗ ನಾನೇ ಮರೆತೆ.

ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಸೈಡ್ ಸ್ಟ್ಯಾಂಡ್ ಸೆನ್ಸರ್ ಇರುತ್ತದಲ್ಲ, ಅದಿರಬಹುದು ಅಂತ ಸ್ಟ್ಯಾಂಡನ್ನು ಇಳಿಸಿ ಎತ್ತಿದೆ. ಪಾರ್ಕಿಂಗ್ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಷೋರೂಮಿಗೆ ಫೋನ್ ಮಾಡಿದರೆ, "ಬ್ಯಾಟರಿ ಪ್ರಾಬ್ಲಮ್ ಇರಬಹುದು ಅಣ್ಣಾ, ಗಾಡಿ ತಂದುಬಿಡಿ" ಅಂದರು. ಆರು ದಿನಕ್ಕೇ ಬ್ಯಾಟರಿ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಎಲೆಕ್ಟ್ರಿಕ್ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದೇ ಅಲ್ವಾ. ಒಂದು ಟಾಟಾ ಏಸ್ ಕರೆಸಿದೆ.

ಹಲಗೆ ಹಾಕಿ ಗಾಡಿ ಹತ್ತಿಸಬೇಕು, ಡ್ರೈವರ್ ಹಿಂದಿನಿಂದ ತಳ್ಳುತ್ತಿದ್ದ. "ಅಣ್ಣಾ, ಬ್ರೇಕ್ ಬಿಡಿ" ಅಂದ.

"ನಾನೆಲ್ಲಪ್ಪಾ ಹಿಡಿದಿದ್ದೀನಿ?"

"ಮತ್ತೆ ಹಿಂದೆ ಕೆಂಪು ಲೈಟ್ ಉರೀತಾ ಇದೆ?"

ಬಗ್ಗಿ ನೋಡಿದೆ. ಎರಡೂ ಲಿವರ್ ಬಿಟ್ಟಿದ್ದರೂ ಬ್ರೇಕ್ ಲೈಟ್ ಉರಿಯುತ್ತಲೇ ಇತ್ತು. ಎಡಗಡೆ ಲಿವರನ್ನು ಬೆರಳಲ್ಲಿ ಹೊರಕ್ಕೆ ತಳ್ಳಿದೆ. 'ಟಿಕ್' ಅಂತ ಸಣ್ಣ ಶಬ್ದ, ಲೈಟ್ ಆರಿತು. ಆಕ್ಸಿಲರೇಟರ್ ಮುಟ್ಟಿದೆ, ಗಾಡಿ ಮುಂದಕ್ಕೆ ಹಾರಿತು. ಏಸ್‌ನವನಿಗೆ 300 ರೂಪಾಯಿ ಕೊಟ್ಟು ಕಳಿಸಿದೆ. ಆ ಹುಡುಗ ಹೇಳಿಕೊಟ್ಟ ಪಾಠಕ್ಕೆ ಅದು ಕಡಿಮೆಯೇ.

ಆಗಿದ್ದು ಇಷ್ಟೇ. ಬ್ರೇಕ್ ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಅದು ಹಿಂದಿನ ಲೈಟ್ ಹಚ್ಚುತ್ತದೆ. ಎಲೆಕ್ಟ್ರಿಕ್‌ನಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ: ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟ್ ಕೊಡಬೇಡ ಅಂತ, ಆ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್‌ಗೆ ಹೇಳುವುದು. ಹಿಂದಿನ ದಿನ ಕೆಮ್ಮಣ್ಣಿನ ಕೆಸರು ಮೆತ್ತಿಕೊಂಡಿತ್ತು ಅಂತ ಗಾಡಿಗೆ ಪ್ರೆಷರ್ ನೀರಿನಲ್ಲಿ ವಾಶ್ ಮಾಡಿಸಿದ್ದೆ. ಕರಗಿದ ಮಣ್ಣು ಲಿವರ್ ಸಂದಿಗೆ ಇಳಿದು ಒಣಗಿತ್ತು. ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಒಂದು ಮಿಲಿಮೀಟರ್ ಕೂಡ ಇಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಮನೆಗೆ ಬಂದು ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಲಿವರ್ ತಿರುಗುವ ಬೋಲ್ಟಿಗೆ ಒಂದೇ ತೊಟ್ಟು ಎಣ್ಣೆ ಬಿಟ್ಟೆ. ಎಣ್ಣೆ ಬಿಡುವಾಗ ಡಿಸ್ಕ್ ಮೇಲೆ ಹಾರದಂತೆ ನೋಡಿಕೊಳ್ಳಿ, ಆಮೇಲೆ ಬ್ರೇಕೇ ಹಿಡಿಯುವುದಿಲ್ಲ. ಅಂದಿನಿಂದ ಪ್ರೆಷರ್ ವಾಶ್ ನಿಲ್ಲಿಸಿದೆ. ಬಕೆಟ್ ನೀರು, ಒದ್ದೆ ಬಟ್ಟೆ ಸಾಕು.

ಎರಡನೇ ಗಾಬರಿ ಚಾರ್ಜಿಂಗ್‌ದು. ರಾತ್ರಿ ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದರೆ ರಾತ್ರಿ ಎಷ್ಟಿತ್ತೋ ಅಷ್ಟೇ. ಚಾರ್ಜರ್‌ನಲ್ಲಿ ಮಾತ್ರ ಹಸಿರು ಲೈಟ್. ಹಸಿರು ಅಂದರೆ ಫುಲ್ ಅಂತ ನಾವು ಓದಿಕೊಳ್ಳುತ್ತೇವೆ. ಚಾರ್ಜರ್ ಲೆಕ್ಕದಲ್ಲಿ ಹಸಿರು ಅಂದರೆ 'ನನ್ನಿಂದ ಕರೆಂಟ್ ಯಾರೂ ತಗೊಳ್ತಿಲ್ಲ' ಅಂತ. ಬ್ಯಾಟರಿ ತುಂಬಿದ್ದರೂ ಹಸಿರೇ, ಬ್ಯಾಟರಿ ಸೇರಿಯೇ ಇಲ್ಲದಿದ್ದರೂ ಹಸಿರೇ. ಹಾಕಿದ ಕೂಡಲೇ ಹಸಿರು ಬಂದರೆ ಸೀಟಿನ ಕೆಳಗಿನ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ನೋಡಿ. ನನ್ನದರಲ್ಲಿ ಹೆಲ್ಮೆಟ್ ತುರುಕುವಾಗ ತಗುಲಿ ಅದು ಆಫ್ ಆಗಿತ್ತು. ಗಾಡಿ ಸತ್ತ ಹಾಗೆ ಮಲಗಿ ಡಿಸ್‌ಪ್ಲೇ ಕೂಡ ಬರದಿದ್ದರೂ ಮೊದಲು ಅಲ್ಲೇ ಕೈ ಹಾಕಿ.

ಆದರೆ ಚಾರ್ಜಿಂಗ್‌ನಲ್ಲಿ ನಿಜವಾಗಿ ಭಯಪಡಬೇಕಾದ್ದು ಗೋಡೆ ಕಡೆಯದು. ನಮ್ಮ ಮನೆಯ ಐದು ಆಂಪ್ ಸಾಕೆಟ್ ಹಳೆಯದು. ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಅಂಗಳಕ್ಕೆ ಎಳೆದಿದ್ದೆ. ಮೂರನೇ ವಾರ ಪ್ಲಗ್ ಕೀಳಲು ಹೋದರೆ ಕೈ ಸುಟ್ಟಿತು. ಪಿನ್ ಬುಡದ ಪ್ಲಾಸ್ಟಿಕ್ ಕಂದಾಗಿತ್ತು. ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದೆ. ನನ್ನ ಚಾರ್ಜರ್ ಎಳೆಯುವುದು ಮೂರು ಚಿಲ್ಲರೆ ಆಂಪ್ ಅಷ್ಟೇ, ಒಂದು ಇಸ್ತ್ರಿ ಪೆಟ್ಟಿಗೆಯಷ್ಟೂ ಇಲ್ಲ. ಮತ್ತೆ ಯಾಕೆ ಬಿಸಿ? ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಉರಿಯುತ್ತದೆ, ಇದು ಸತತ ಐದು ಗಂಟೆ. ಸಾಕೆಟ್ ಒಳಗಿನ ಹಿಡಿ ಸಡಿಲ ಇದ್ದರೆ ಅಷ್ಟು ಹೊತ್ತಿಗೆ ಕಾದು ಕರಗುತ್ತದೆ. 16 ಆಂಪ್ ಸಾಕೆಟ್ ಹಾಕಿ, ಬೋರ್ಡಿನಿಂದ ಬೇರೆ ವೈರ್ ಎಳೆದು, ಅದಕ್ಕೇ ಒಂದು ಎಂಸಿಬಿ ಕೊಟ್ಟೆ. ಚಾರ್ಜ್‌ಗೆ ಹಾಕಿದಾಗ ಗಾಡಿಯ ಕಬ್ಬಿಣ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತಿತ್ತು. ಅದು ಅರ್ಥಿಂಗ್ ಇಲ್ಲದ್ದರ ಗುರುತು. ಹೊಸ ಅರ್ಥ್ ಗುಂಡಿ ತೋಡಿ ಅದನ್ನೂ ಸರಿಮಾಡಿದೆ. ಊರಿಗೆಲ್ಲ ಅರ್ಥ್ ಗುಂಡಿ ತೋಡಿಸಿದವನ ಮನೆಯಲ್ಲೇ ಅರ್ಥ್ ಸರಿಯಿರಲಿಲ್ಲ ಅಂತ ಮನೆಯವಳು ಈಗಲೂ ಆಡಿಕೊಳ್ಳುತ್ತಾಳೆ.

ಸಾಯಂಕಾಲದ ಹೊತ್ತು ನಮ್ಮ ಬೀದಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಆಗ ಚಾರ್ಜರ್ ಹತ್ತುತ್ತದೆ, ಆರುತ್ತದೆ. ಚಾರ್ಜರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಈಗ ನಾನು ರಾತ್ರಿ ಹತ್ತರ ಮೇಲೆ ಹಾಕುತ್ತೇನೆ. ಬಂದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜ್ ಹಾಕುವುದೂ ಇದರಿಂದ ತಪ್ಪಿತು.

ಇನ್ನು ಮೈಲೇಜ್. ಎಲ್ಲರೂ ಕೇಳುವುದು ಇದನ್ನೇ. ಕಾಗದದಲ್ಲಿ 120 ಕಿಲೋಮೀಟರ್ ಅಂತ ಇತ್ತು, ನನಗೆ ಬಂದದ್ದು 70. ಕಾಗದದ ಲೆಕ್ಕ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಅಲ್ಲಿ ಎದುರು ಗಾಳಿ ಇಲ್ಲ, ಹಂಪ್ ಇಲ್ಲ, ಹಿಂದೆ ಕೂತ ಹುಡುಗ ಇಲ್ಲ, ಕಾಲಿನ ಹತ್ತಿರ ಸ್ಟಾರ್ಟರ್ ಬಾಕ್ಸ್ ಇಲ್ಲ. ಆದರೂ 70 ತೀರಾ ಕಡಿಮೆ ಅನ್ನಿಸಿತು. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಎಷ್ಟು ಓಡಿತು, ಎಷ್ಟು ಪರ್ಸೆಂಟ್ ಇಳಿಯಿತು, ಎಷ್ಟು ಭಾರ ಇತ್ತು. ಆಮೇಲೆ ಟೈರ್ ಗಾಳಿ ನೋಡಿದರೆ, ಸ್ಟಿಕ್ಕರ್‌ನಲ್ಲಿ ಹೇಳಿದ್ದಕ್ಕಿಂತ ಹಿಂದಿನದು 10 ಪಿಎಸ್‌ಐ ಕಡಿಮೆ ಇತ್ತು. ಹೊಸ ಗಾಡಿ, ಗಾಳಿ ಸರಿಯಾಗೇ ಇರುತ್ತದೆ ಅಂತ ನಾನು ನೋಡಿರಲೇ ಇಲ್ಲ. ಹಿಂದಿನ ಡ್ರಮ್ ಬ್ರೇಕ್ ಕೂಡ ಸ್ವಲ್ಪ ಉಜ್ಜುತ್ತಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದರೆ ಸರ್ ಸರ್ ಅನ್ನುವುದು ಕೇಳಿಸುತ್ತದೆ. ಅಡ್ಜಸ್ಟ್ ನಟ್ ಒಂದು ಸುತ್ತು ಸಡಿಲ ಮಾಡಿ, ಬ್ರೇಕ್ ಹಿಡಿಯುತ್ತದಾ ಅಂತ ಅಂಗಳದಲ್ಲೇ ಪರೀಕ್ಷೆ ಮಾಡಿದೆ. ಈ ಎರಡರಿಂದ 80ರ ಮೇಲೆ ಹೋಯಿತು. ಇಕೋ ಮೋಡ್‌ನಲ್ಲಿ ಒಬ್ಬನೇ ಹೋದರೆ 90. 120 ನಾನು ಇನ್ನೂ ನೋಡಿಲ್ಲ.

ಕರೆಂಟ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನನ್ನದು 3 ಯೂನಿಟ್ ಬ್ಯಾಟರಿ. ಖಾಲಿಯಿಂದ ತುಂಬಿಸಲು ಮೀಟರ್‌ನಲ್ಲಿ 3.4 ಯೂನಿಟ್ ಹತ್ತಿರ ಓಡುತ್ತದೆ, ಉಳಿದದ್ದು ಚಾರ್ಜರ್ ಬಿಸಿಯಲ್ಲಿ ಹೋಗುತ್ತದೆ. ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ಅಂತ ಲೆಕ್ಕ ಹಾಕಬೇಡಿ. ನಿಮ್ಮ ಮನೆಗೆ ಎಷ್ಟು ಫ್ರೀ ಅನ್ನುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಅಂತ ನಿಗದಿಯಾಗಿರುತ್ತದೆ. ಗಾಡಿ ಬಂದ ಮೇಲೆ ಅದಕ್ಕಿಂತ ಜಾಸ್ತಿ ಆದರೆ ಬಿಲ್ ಬರುತ್ತದೆ. ಆದರೂ ಪೆಟ್ರೋಲಿಗೆ ಹೋಲಿಸಿದರೆ ಪುಡಿಗಾಸು.

ನನ್ನ ಕಸುಬಿಗೆ ಹತ್ತಿರದ ತೊಂದರೆ ಬಂದದ್ದು ಎರಡು ತಿಂಗಳಾದ ಮೇಲೆ. ಕೈಲಾಸಗಿರಿ ಕಡೆ ಒಂದು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಗಾಡಿ ಗರಗರ ಅಂತ ನಡುಗಿತು. ಮುಂದಕ್ಕೆ ಹೋಗುವುದಿಲ್ಲ, ಜಗ್ಗುತ್ತದೆ, ನಿಲ್ಲುತ್ತದೆ. ಆ ಶಬ್ದ ನನಗೆ ಗೊತ್ತು! ತೋಟದಲ್ಲಿ ಒಂದು ಫೇಸ್ ಹೋಗಿ ಎರಡೇ ಫೇಸ್ ಉಳಿದಾಗ ಪಂಪ್ ಮೋಟಾರ್ ಗುಂಯ್ ಅನ್ನುತ್ತಾ ತಿರುಗಲಾರದೆ ಒದ್ದಾಡುತ್ತದಲ್ಲ, ಅದರ ತಮ್ಮ ಇದು. ಚಕ್ರದೊಳಗಿನ ಹಬ್ ಮೋಟಾರಿಗೂ ಮೂರು ದಪ್ಪ ವೈರ್ ಹೋಗುತ್ತವೆ. ಒಂದು ಸಡಿಲವಾದರೆ ಇದೇ ಗತಿ. ಜೊತೆಗೆ ಐದು ಸಣ್ಣ ವೈರ್ ಇರುತ್ತವೆ, ಹಾಲ್ ಸೆನ್ಸರ್‌ದು. ಚಕ್ರ ಎಲ್ಲಿದೆ ಅಂತ ಕಂಟ್ರೋಲರ್‌ಗೆ ಹೇಳುವುದು ಅವೇ. ಕಾಲಲ್ಲಿ ತಳ್ಳಿ ಸ್ವಲ್ಪ ಉರುಳಿಸಿದ ಮೇಲೆ ಮೋಟಾರ್ ಸರಿಯಾಗಿ ಎಳೆದುಕೊಂಡರೆ ಸಣ್ಣ ವೈರ್ ಮೇಲೆ ನನ್ನ ಅನುಮಾನ. ಉರುಳುವಾಗಲೂ ನಡುಗಿದರೆ ದಪ್ಪ ವೈರ್ ಮೇಲೆ.

ನನ್ನದು ಉರುಳುವಾಗಲೂ ನಡುಗಿತು. ಅಂಗಡಿಗೆ ತಂದು ಎಂಸಿಬಿ ಆಫ್ ಮಾಡಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗಿತು, ಒಳ್ಳೆಯದು. ಗಾಣದ ಹಾಗೆ ಬಿಗಿಯಾಗಿ ತಡೆ ತಡೆದು ತಿರುಗಿದರೆ ಎಲ್ಲೋ ಎರಡು ಫೇಸ್ ಕೂಡಿಕೊಂಡಿವೆ ಅಂತ ಅರ್ಥ. ಆಗ ಮೂರೂ ದಪ್ಪ ವೈರ್ ಬಿಡಿಸಿ ಮತ್ತೆ ತಿರುಗಿಸುತ್ತಾರೆ. ಹಗುರವಾದರೆ ಕಂಟ್ರೋಲರ್ ಹೋಗಿದೆ, ಹಾಗೇ ಬಿಗಿ ಇದ್ದರೆ ಮೋಟಾರ್ ವೈಂಡಿಂಗ್.

ಅಷ್ಟರಲ್ಲಿ ನಮ್ಮ ಹುಡುಗ ವೈಂಡಿಂಗ್ ಇನ್ಸುಲೇಷನ್ ಪರೀಕ್ಷೆ ಮಾಡುವ ಮೆಗ್ಗರ್ ಎತ್ತಿಕೊಂಡು ಬಂದ. "ಬೇಡ ಕಣೋ!" ಅಂತ ಕಿರುಚಿದೆ. ಮೆಗ್ಗರ್ 500 ವೋಲ್ಟ್ ಬಿಡುತ್ತದೆ. ಪಂಪ್ ಮೋಟಾರಿಗೆ ಅದು ಸರಿ. ಇಲ್ಲಿ ಕಂಟ್ರೋಲರ್, ಸೆನ್ಸರ್ ಎಲ್ಲ ಒಂದೇ ಏಟಿಗೆ ಸುಡುತ್ತವೆ. ನಮ್ಮಂಥ ರಿವೈಂಡಿಂಗ್‌ನವರು ಮಾಡಬಹುದಾದ ದೊಡ್ಡ ತಪ್ಪು ಇದೇ. ಇನ್ನೊಂದು ತಪ್ಪು, 440 ವೋಲ್ಟ್ ಜೊತೆ ಬದುಕಿದವನಿಗೆ ಈ ಗಾಡಿಯ 60 ವೋಲ್ಟ್ ಏನು ಮಹಾ ಅನ್ನುವ ಧಿಮಾಕು. ಶಾಕ್ ದೊಡ್ಡದಾಗಿ ಹೊಡೆಯದಿರಬಹುದು. ಆದರೆ ಎರಡು ತುದಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಲಿಥಿಯಂ ಬ್ಯಾಟರಿ ನೂರಾರು ಆಂಪ್ ಉಗುಳುತ್ತದೆ, ಸ್ಪ್ಯಾನರ್ ಅಲ್ಲೇ ವೆಲ್ಡ್ ಆಗುತ್ತದೆ, ಬೆಂಕಿಯೂ ಹತ್ತಬಹುದು. ಬ್ಯಾಟರಿ ಡಬ್ಬಿಯ ಸೀಲ್ ನಾನು ಇವತ್ತಿಗೂ ಮುಟ್ಟಿಲ್ಲ.

ಪಕ್ಕದ ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚಿದೆ. ಹಳದಿ ವೈರಿನ ಜಾಯಿಂಟ್ ಮೇಲಿನ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿ ಮುದುಡಿತ್ತು. ಫ್ಯಾಕ್ಟರಿಯಲ್ಲಿ ಸರಿಯಾಗಿ ಒತ್ತಿರಲಿಲ್ಲ ಅಂತ ಕಾಣುತ್ತದೆ. ನಾನೇ ಎರಡು ನಿಮಿಷದಲ್ಲಿ ಮಾಡಬಹುದಿತ್ತು. ಕೈ ತುರಿಸುತ್ತಿತ್ತು. ಮಾಡಲಿಲ್ಲ, ವಾರಂಟಿ ಹೋಗುತ್ತದೆ. ಫೋಟೋ ತೆಗೆದು, ಜಗ್ಗುವಾಗಿನ ವಿಡಿಯೋ ಮಾಡಿ ಷೋರೂಮಿಗೆ ಒಯ್ದೆ. ಈ ಸಲ ಅವರಿಗೆ "ಬ್ಯಾಟರಿ ಇರಬಹುದು" ಅನ್ನಲು ಅವಕಾಶ ಇರಲಿಲ್ಲ. ವೈರ್ ತುದಿಗೆ ಹೊಸ ಲಗ್ ಹಾಕಿ ಒತ್ತಿಕೊಟ್ಟರು. ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಅಂತ ಬರೆದಿದ್ದರು. ಹೊಡೆದುಹಾಕಿಸಿ, ಏನು ಮಾಡಿದರೋ ಅದನ್ನೇ ಬರೆಸಿಕೊಂಡೆ. ನಾಳೆ ಅದೇ ಜಾಯಿಂಟ್ ಮತ್ತೆ ಸುಟ್ಟರೆ ನನ್ನ ಕೈಯಲ್ಲಿ ಇರುವುದು ಆ ಕಾಗದ ಒಂದೇ.

ಚಿಕ್ಕಪುಟ್ಟದ್ದು ಇನ್ನೂ ಕೆಲವು ಇದ್ದವು. ಚಾರ್ಜ್ 22% ಇದ್ದದ್ದು ಒಮ್ಮೆಲೇ 9%ಕ್ಕೆ ಬಿತ್ತು. ಅರ್ಧಂಬರ್ಧ ಚಾರ್ಜ್ ಮಾಡುತ್ತಲೇ ಇದ್ದರೆ ಮೀಟರ್ ಲೆಕ್ಕ ತಪ್ಪುತ್ತದೆ. ಎರಡು ಮೂರು ಸಲ ಪೂರ್ತಿ ತುಂಬಿಸಿ, ಹಸಿರು ಬಂದ ಮೇಲೂ ಒಂದು ಗಂಟೆ ಬಿಟ್ಟೆ, ಸರಿಹೋಯಿತು. ಫುಲ್ ಚಾರ್ಜ್ ಮಾಡಿ ಹೊರಟ ಬೆಳಿಗ್ಗೆ ಆಕ್ಸಿಲರೇಟರ್ ಬಿಟ್ಟರೆ ಗಾಡಿ ಎಂದಿನಂತೆ ಹಿಡಿಯದೆ ಜಾರಿಕೊಂಡು ಹೋಗುತ್ತದೆ. ಅದು ಕೆಟ್ಟದ್ದಲ್ಲ. ತುಂಬಿದ ಬ್ಯಾಟರಿಗೆ ಚಕ್ರದಿಂದ ಬರುವ ಕರೆಂಟ್ ಹಾಕಿಕೊಳ್ಳಲು ಜಾಗ ಇರುವುದಿಲ್ಲ, ಅಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕೈ ಇರಲಿ. ಇನ್ನು ಮೋಟಾರಿನಿಂದ ಬರುತ್ತಿದೆ ಅಂತ ನಾನು ನಂಬಿದ್ದ ಕಟಕಟ ಶಬ್ದ ನಂಬರ್ ಪ್ಲೇಟಿನದು. ಇಂಜಿನ್ ಸದ್ದು ಇಲ್ಲದ ಗಾಡಿಯಲ್ಲಿ ಎಲ್ಲವೂ ಕೇಳಿಸುತ್ತದೆ.

ಈಗ ಸೀಟಿನ ಕೆಳಗೆ ಒಂದು 10 ನಂಬರ್ ಸ್ಪ್ಯಾನರ್, ಗಾಳಿ ನೋಡುವ ಗೇಜ್, ಆ ಟೂತ್ ಬ್ರಷ್, ಜಾಬ್ ಕಾರ್ಡಿನ ಜೆರಾಕ್ಸ್ ಇಟ್ಟಿದ್ದೇನೆ. ಮೆಗ್ಗರನ್ನು ಹುಡುಗನ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇನೆ.